ಎದುರು ಮನೆಯ ಐದನೇ ಮಹಡಿ

ಫೆಬ್ರವರಿ 4, ಮಂಗಳವಾರ

ಇವತ್ತಿನ ಮೂರನೆಯ ಮನೆಗೂ ಲಿಫ್ಟ್ ಇಲ್ಲ. ಮೆಟ್ಟಿಲಿಗೆ ದೀಪವಿಲ್ಲ, ಮೂರನೇ ಮಹಡಿಯಲ್ಲಿ ಯಾರದೋ ಸೈಕಲ್ಲು ಅಡ್ಡ, ನಾಲ್ಕನೆಯದರಲ್ಲಿ ಬೆಕ್ಕು. ಏದುಸಿರು ಬಿಡುತ್ತ ಐದನೆಯದಕ್ಕೆ ಹತ್ತಿ ಬಾಗಿಲು ತಟ್ಟಿದರೆ ಒಳಗಿಂದ "ಗ್ಯಾಸ್ ಬಿಲ್ಲಾ?" ಎಂಬ ಕೂಗು. ಅಲ್ಲ ತಾಯಿ, ಮಂಡಿ. ಮಂಡಿ ನೋಡುವವನು ಬಂದಿದ್ದೇನೆ. ಕೈರೋದ ಇಂಬಾಬಾ ಬಡಾವಣೆಯ ಈ ಓಣಿಗಳಲ್ಲಿ ನನಗೆ ಈಗ ಅದೇ ಹೆಸರು. ಮುಜಮ್ಮಿಲ್ ಎಂದು ಅಪ್ಪ ಇಟ್ಟ ಹೆಸರು ಸುಡಾನಿನ ಒಮ್‌ದುರ್ಮಾನ್‌ನಲ್ಲೇ ಉಳಿಯಿತು, ಜೊತೆಗೆ ಫಿಸಿಯೋಥೆರಪಿಯ ಕೊನೆಯ ವರ್ಷವೂ. ಯುದ್ಧ ಎರಡನ್ನೂ ಅಲ್ಲೇ ಇಟ್ಟುಕೊಂಡಿತು.

ಕೈರೋದಲ್ಲಿ ಸುಡಾನಿನವರಿಗೆ ಸಿಗುವ ಕೆಲಸಗಳಲ್ಲಿ ಇದು ಒಳ್ಳೆಯದೇ ಎಂದು ಕೋಣೆಯ ಜೊತೆಗಾರ ಬಕ್ರಿ ಹೇಳುತ್ತಾನೆ. ಅವನು ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ನಾನು ಮೂಟೆಯಿಲ್ಲದೆ ಹತ್ತುತ್ತೇನೆ, ಅಷ್ಟೇ ವ್ಯತ್ಯಾಸ. ರಂಜಾನ್ ಹಬ್ಬ ಮುಗಿದ ಮೇಲೆ ಇಬ್ಬರೂ ಸಲ್ಲೂಮಿನ ಗಡಿ ದಾಟಿ ಲಿಬಿಯಾಕ್ಕೆ, ಅಲ್ಲಿಂದ ಸಮುದ್ರದ ಆಚೆಗೆ. ಅಲ್ಲಿಯವರೆಗೆ ಮಂಡಿ.

ನಮ್ಮ ಡಾಕ್ಟರ್ ಸಫೀನಾಜ್ ಹೃದಯದ ತಜ್ಞೆ. ಆದರೂ ಮೂರು ವರ್ಷದಿಂದ ಸವೆದ ಮಂಡಿಗಳ ಹಿಂದೆ ಬಿದ್ದಿದ್ದಾರೆ. ಕೆಲಸಕ್ಕೆ ಸೇರಿದ ದಿನ ಕೂರಿಸಿಕೊಂಡು ಹೇಳಿದ್ದು ಇಷ್ಟು: "ಮಂಡಿ ಸವೆದವಳು ಮೆಟ್ಟಿಲು ಹತ್ತೋದಿಲ್ಲ. ಹತ್ತದೇ ಇದ್ರೆ ಎದೆ ನೋಯೋದಿಲ್ಲ. ಎದೆ ನೋಯದೇ ಇದ್ರೆ ನಾನು ಚೆನ್ನಾಗಿದೀನಿ ಅಂದ್ಕೋತಾಳೆ. ಒಂದಿನ ಕೂತಲ್ಲೇ ಹೋಗ್ತಾಳೆ, ಮನೆಯವ್ರು ಏನೂ ಇರ್ಲಿಲ್ಲ, ಚೆನ್ನಾಗೇ ಇದ್ಳು ಅಂತಾರೆ." ಕೂತಿರುವಾಗ ತೆಗೆದ ಇಸಿಜಿ ಸುಳ್ಳು ಹೇಳುತ್ತದಂತೆ. ಆದ್ದರಿಂದ ಮೇಲಿನ ಮಹಡಿಗಳ ಹೆಂಗಸರನ್ನು ಹುಡುಕಿ, ಮೊದಲು ಮಂಡಿಗೆ ಬಲ ಬರಿಸಿ, ನಡೆಯುವಂತಾದ ಮೇಲೆ ಹೃದಯವನ್ನು ನೋಡುವುದು. ಹುಡುಕುವವನು, ಹತ್ತುವವನು, ಬಲ ಬರಿಸುವವನು ನಾನು. ಪ್ರಬಂಧ ಬರೆಯುವವರು ಅವರು.

ಇವತ್ತಿನ ಮೂರನೆಯ ಮನೆ ನನ್ನ ಪಟ್ಟಿಯ ಮೂವತ್ತೊಂದನೇ ಮಂಡಿ. ಹಜ್ಜಾ ತಫೀದಾ. ಮಂಡಿ ಗಟ್ಟಿಯಿದ್ದ ಕಾಲದಲ್ಲಿ ಮೆಕ್ಕಾಕ್ಕೆ ಹೋಗಿ ಬಂದವಳು. ಮಗ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಊರಲ್ಲಿರುವುದಿಲ್ಲ. ಸೊಸೆ ನಜ್ಲಾ ಜೊತೆಗಿದ್ದಾಳೆ. ಮುದುಕಿ ನಾಲ್ಕು ವರ್ಷದಿಂದ ಕೆಳಗಿಳಿದಿಲ್ಲ. ಬೇಕಾದ್ದೆಲ್ಲ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಬಾಲ್ಕನಿಗೆ ಬರುತ್ತದೆ. ಯಾಕೆ ಇಳಿಯುವುದಿಲ್ಲ ಎಂದು ಕೇಳಿದ್ದಕ್ಕೆ, ಬುಟ್ಟಿಗೆ ಮಂಡಿ ನೋವಿಲ್ಲವಲ್ಲ ಎಂದಳು.

ಎದುರು ಕಟ್ಟಡದ ಐದನೇ ಮಹಡಿಯಲ್ಲಿ ಅವಳ ಅಕ್ಕ, ಬಹಿಯಾ. ಅವಳ ಮಂಡಿ ಇನ್ನೂ ಹಾಳು. ನಡುವೆ ಓಣಿ. ಇಬ್ಬರೂ ಕೈ ಚಾಚಿದರೆ ಮುಟ್ಟೀತು ಅನ್ನಿಸುತ್ತದೆ, ಮುಟ್ಟುವುದಿಲ್ಲ. ದಿನವೂ ಮಾತಾಡುತ್ತಾರೆ, ದಿನವೂ ಜಗಳವಾಡುತ್ತಾರೆ, ಒಬ್ಬಳ ಸಾರು ಕೆಳಗಿಳಿದು ಕಿರಾಣಿಯವನ ಕೈಯಿಂದ ಇನ್ನೊಬ್ಬಳ ಬುಟ್ಟಿಗೆ ಏರುತ್ತದೆ. ಪಕ್ಕದಲ್ಲಿ ಕೂರದೆ ನಾಲ್ಕು ವರ್ಷವಾಯಿತು.

ನಾನು ಹೃದಯ, ಮಂಡಿ, ಸಂಶೋಧನೆ ಎಂದು ಉರು ಹೊಡೆದ ಪಾಠ ಒಪ್ಪಿಸುತ್ತಿದ್ದರೆ ಅವಳು ಅರ್ಧಕ್ಕೇ ತಡೆದಳು. "ಈ ರಂಜಾನ್ ಹಬ್ಬದ ದಿನ ನಾನು ಬಹಿಯಾಳ ಸೋಫಾ ಮೇಲೆ ಕೂತಿರ್ಬೇಕು. ಅಷ್ಟು ಮಾಡ್ಕೊಡು. ಹೃದಯ ಗಿದಯ ನಿಮ್ ಡಾಕ್ಟ್ರಿಗೆ ಬಿಟ್ಟಿದ್ದು."

ಆಗಲಿ ಎಂದೆ. ಆಗಲಿ ಎನ್ನದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದಿಲ್ಲ.

ಫೆಬ್ರವರಿ 12

ಇವತ್ತಿಡೀ ಫೋನು. ವಾರಕ್ಕೊಮ್ಮೆ ಎಲ್ಲರಿಗೂ ಮಾಡಬೇಕು. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಬೇಕು, ಅವರು ಒಂದು ಅಂಕಿ ಹೇಳಬೇಕು. ಒಬ್ಬಳಾದರೂ ಹೇಳಲಿ. ಎಲ್ಲರದ್ದೂ ಒಂದೇ ಉತ್ತರ, ಅಲ್ಹಮ್ದುಲಿಲ್ಲಾಹ್, ದೇವರ ದಯೆ. ಎದ್ದು ನಿಲ್ಲಲಾರದವಳೂ ಅದನ್ನೇ ಹೇಳುತ್ತಾಳೆ. ಪರಕೀಯನ ಮುಂದೆ ನೋವು ಹೇಳಿಕೊಂಡರೆ ದೇವರ ಮೇಲೆ ದೂರು ಕೊಟ್ಟಂತೆ. ಅದನ್ನು ನಾನು ಸೊನ್ನೆ ಎಂದು ಬರೆಯಲೋ, ಹತ್ತು ಎಂದೋ?

ಡಾಕ್ಟರ್ ನಕ್ಕರು. ಹಾಗೆ ಕೇಳಬೇಡ, ನಮಾಜು ನೆಲದ ಮೇಲೋ ಕುರ್ಚಿಯ ಮೇಲೋ ಎಂದು ಕೇಳು, ಅದರಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ ಎಂದರು. ಯಾರೂ ಸುಳ್ಳು ಹೇಳಲಿಲ್ಲ. ಮೂವತ್ತೊಂದು: ಕುರ್ಚಿ.

ಬಕ್ರಿ ಸಲ್ಲೂಮಿನ ದಾರಿ ಬಲ್ಲವನೊಬ್ಬನನ್ನು ಕಂಡು ಬಂದನಂತೆ. ಗೊರಕೆಯಲ್ಲೂ ಅದೇ ಮಾತು.

ಫೆಬ್ರವರಿ 19

ವ್ಯಾಯಾಮಕ್ಕೆಂದು ಒಂದು ಕಿಲೋ ಬೇಳೆಯನ್ನು ಚೀಲದಲ್ಲಿ ಹೊಲಿದು ಕೊಟ್ಟಿದ್ದೆ. ಕುರ್ಚಿಯಲ್ಲಿ ಕೂತು ಕಣಕಾಲಿಗೆ ಕಟ್ಟಿಕೊಂಡು ಕಾಲು ನೆಟ್ಟಗೆ ಎತ್ತಬೇಕು, ಇಳಿಸಬೇಕು, ಎತ್ತಬೇಕು. ಇವತ್ತು ಹೋದರೆ ಚೀಲ ಖಾಲಿ.

"ನಿನ್ನೆ ಬಹಿಯಾ ಮನೇಲಿ ಬೇಳೆ ಮುಗಿದಿತ್ತು" ಎಂದಳು ಹಜ್ಜಾ.

ಎದುರು ಬಾಲ್ಕನಿಯಿಂದ ಬಹಿಯಾ ಕೇಳಿಸಿಕೊಂಡಳು. ಆ ಸುಡಾನಿ ಹುಡುಗನನ್ನು ನಂಬಿ ಕಾಲು ಅಲ್ಲಾಡಿಸಬೇಡ, ಕಳಚಿ ಅವನ ಕೈಗೇ ಬಂದೀತು ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು. ನೀವೂ ಸೇರಿ, ನಿಮ್ಮ ಮಂಡಿಯನ್ನೂ ನೋಡುತ್ತೇನೆ ಎಂದು ನಾನೂ ಕೂಗಿದೆ. ನನ್ನ ಮಂಡಿ ನನ್ನದು, ಅದನ್ನು ಯಾರೂ ಪುಸ್ತಕದಲ್ಲಿ ಬರೆಯಬೇಕಿಲ್ಲ, ನನ್ನ ತಂಗಿಯನ್ನು ಕರೆದುಕೊಂಡು ಬಾ ಸಾಕು ಎಂದಳು. ಆಮೇಲೆ ಬುಟ್ಟಿಯಲ್ಲಿ ಅದೇ ಬೇಳೆಯ ಸಾರು ಬಂತು. ಉಪ್ಪು ಹೆಚ್ಚಾಗಿತ್ತು. ಪೂರ್ತಿ ತಿಂದೆ.

ಫೆಬ್ರವರಿ 26

ನಾಲ್ಕನೇ ಮಹಡಿಯವರೆಗೆ ಇಳಿದು ಹತ್ತಿದಳು. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನನ್ನ ವಂಶವನ್ನೆಲ್ಲ ಬೈಯುತ್ತ. ಗಟ್ಟಿ ಕಾಲು ಮೊದಲು ಮೇಲೆ, ನೋವಿನ ಕಾಲು ಮೊದಲು ಕೆಳಗೆ ಎಂದು ಕಲಿಸಿದ್ದೆ. ಅದನ್ನೇ ಹಾಡಿನಂತೆ ಹೇಳಿಕೊಳ್ಳುತ್ತಿದ್ದಳು. ಹತ್ತಿ ಬಂದು ಬಾಲ್ಕನಿಯಲ್ಲಿ ನಿಂತು ಬಹಿಯಾಳಿಗೆ ಹೇಳಿದ್ದು ನೋಡಿದರೆ ಎವರೆಸ್ಟಿನಿಂದ ಇಳಿದು ಬಂದಿದ್ದಾಳೆ ಅನ್ನಬೇಕು. ಬಹಿಯಾ ಮದುವೆಮನೆಯಲ್ಲಿ ಹಾಕುವಂತೆ ನಾಲಿಗೆ ಆಡಿಸಿ ಉಲುಲಿ ಹಾಕಿದಳು. ಅಕ್ಕಪಕ್ಕದವರು ಯಾರ ಮನೆಯಲ್ಲಿ ನಿಶ್ಚಿತಾರ್ಥ ಎಂದು ಇಣುಕಿದರು.

ಕೆಲಸ ಎಂದ ಮೇಲೆ ಒಂದೊಂದು ದಿನ ಚೆನ್ನಾಗಿರುತ್ತದೆ, ಅಷ್ಟೇ. ಉಳಿದ ಮಂಡಿಗಳು ಇದ್ದಲ್ಲೇ ಇವೆ.

ಮಾರ್ಚ್ 9

ಉಪವಾಸದಲ್ಲಿ ಇಷ್ಟು ಮನೆ ಹತ್ತುವುದೆಂದರೆ ನಾಲಿಗೆ ಮರದ ತುಂಡಾಗುತ್ತದೆ. ಕಿರಾಣಿಯವನು ನನ್ನನ್ನು ಕಂಡರೆ ನೈಲ್ ನದಿಯ ನೀರೆಲ್ಲ ನಿಮ್ಮ ಊರಿಂದಲೇ ಬರುತ್ತದೆ, ನಿನಗೆ ಬಾಯಾರಿಕೆಯೇ ಎನ್ನುತ್ತಾನೆ. ದಿನಕ್ಕೊಮ್ಮೆ. ಅದೇ ಮಾತು, ಅದೇ ನಗು.

ಹಜ್ಜಾ ತಾನಾಗಿ ಫೋನ್ ಮಾಡಿದಳು. ಅವರ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇದ್ದಾನೆ. ನಿನ್ನೆ ಉಪವಾಸ ಬಿಟ್ಟ ಮೇಲೆ ತನ್ನ ಕಾಲ ಮೇಲೆ ಅವನಲ್ಲಿಗೆ ಇಳಿದು ಹೋಗಿ ಹಲ್ಲು ಕೀಳಿಸಿಕೊಂಡು, ಮತ್ತೆ ತನ್ನ ಕಾಲ ಮೇಲೆ ಹತ್ತಿ ಬಂದಳಂತೆ. ಎಡದವಡೆಯಲ್ಲಿ ನೋವಿತ್ತಂತೆ. ಹಲ್ಲು ಕಿತ್ತದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ನಾನೂ ನಕ್ಕೆ. ಇನ್ನು ಎರಡು ಮಹಡಿ ಇಳಿದರೆ ಓಣಿ ಎಂದೆ. ಎದುರು ಕಟ್ಟಡ ಹತ್ತಲು ದಾರಿಯಲ್ಲಿ ಕೂತು ಕೂತು ಹೋದರಾಯಿತು ಎಂದಳು.

ಮಾರ್ಚ್ 15, ಶನಿವಾರ

ಇವತ್ತು ಖಾಲ್ತಿಯ ಮನೆಯಲ್ಲಿ ಉಪವಾಸ ಬಿಟ್ಟೆ. ನಮ್ಮೂರಲ್ಲಿ ಅಮ್ಮನ ಅಕ್ಕತಂಗಿಯರನ್ನು ಹಾಗೆ ಕರೆಯುತ್ತೇವೆ. ಹಜ್ಜಾ ಎಂದರೆ ತಟ್ಟೆ ಕಿತ್ತುಕೊಳ್ಳುತ್ತೇನೆ ಎಂದು ಅವಳೇ ಹೆದರಿಸಿದ್ದಕ್ಕೆ ಬಾಯಿಗೆ ಬಂದದ್ದು ಅದು. ಬೇಳೆ ಸಾರು, ದ್ರಾಕ್ಷಿ ಎಲೆಯ ಸುರುಳಿ, ಕೋಳಿ. ನಾನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ. ನಜ್ಲಾ ಚಹಾಕ್ಕೆ ಒಳಗೆ ಹೋದಳು. ಆಗ ಖಾಲ್ತಿ ಮೆಲ್ಲಗೆ ಹೇಳಿದಳು.

"ಹಲ್ಲು ಹೋಯ್ತು, ನೋವು ಹೋಗ್ಲಿಲ್ಲ ಕಣೋ."

ಎಲ್ಲಿ ಎಂದು ಕೇಳಿದೆ. ದವಡೆಯ ಎಲುಬಿನ ಮೇಲೆ ಬೆರಳಿಟ್ಟು ಕತ್ತಿನವರೆಗೆ ಎಳೆದಳು. ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುತ್ತದಂತೆ. ಕೂತರೆ ಹೋಗುತ್ತದಂತೆ. ಇಳಿಯುವಾಗ ಇಲ್ಲವಂತೆ. ಎಷ್ಟು ದಿನದಿಂದ? ಮಂಡಿ ಸರಿಹೋದಾಗಿನಿಂದ.

ನನ್ನ ಕೈ ನಿಂತಿತು. ಹೃದಯ ಎದೆಯಲ್ಲೇ ನೋಯಬೇಕೆಂದಿಲ್ಲ, ಹೆಂಗಸರಲ್ಲಿ ಎಷ್ಟೋ ಸಲ ದವಡೆಯಲ್ಲಿ ನೋಯುತ್ತದೆ ಎಂದು ಡಾಕ್ಟರ್ ಮೊದಲ ವಾರವೇ ಪಾಠ ಮಾಡಿದ್ದರು. ಖಾಲ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೇಳ್ಬೇಡ. ನಂಗೂ ಹೇಳ್ಬೇಡ, ನಿಮ್ ಡಾಕ್ಟ್ರಿಗೂ ಹೇಳ್ಬೇಡ. ಹಬ್ಬದ ದಿನ ಬಹಿಯಾ ಹತ್ರ ಹೋಗ್ಬಿಟ್ಟು ಬರ್ತೀನಿ. ಮಾರನೇ ದಿನ ಬೇಕಾದ್ರೆ ಎದೆ ಬಗೆದು ನೋಡ್ಕೊಳ್ಳಿ. ನಮ್ಮನೆ ರೊಟ್ಟಿ ಉಪ್ಪು ತಿಂದಿದೀಯ, ಮುಜಮ್ಮಿಲ್."

ಬಾಯಲ್ಲಿ ಇನ್ನೂ ಅವಳ ರೊಟ್ಟಿಯಿತ್ತು. ರೊಟ್ಟಿ ಉಪ್ಪು ತಿಂದ ಮೇಲೆ ಇಲ್ಲಿ ಮಾತು ಮುರಿಯುವ ಹಾಗಿಲ್ಲ. ನಮ್ಮೂರಲ್ಲೂ ಇಲ್ಲ.

ತಲೆಯಾಡಿಸಿದೆ.

ಮಾರ್ಚ್ 16

ಇವತ್ತು ಏನೂ ಇಲ್ಲ.

ಮಾರ್ಚ್ 17

ನಾಲ್ಕು ಮನೆ. ಪ್ರತಿ ಮೆಟ್ಟಿಲಲ್ಲೂ ನನ್ನ ದವಡೆ ಮುಟ್ಟಿ ನೋಡಿಕೊಂಡೆ. ಬಕ್ರಿ ಹಲ್ಲುನೋವಾ ಎಂದ.

ಮಾರ್ಚ್ 18, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಹೇಳಬಾರದೆಂದೇ ಹೋಗಿದ್ದೆ. ಡಾಕ್ಟರ್ ಪಟ್ಟಿ ಓದುತ್ತ ಮೂವತ್ತೊಂದಕ್ಕೆ ಬಂದು, ಅದ್ಭುತ, ಹಬ್ಬದ ನಂತರ ಆಸ್ಪತ್ರೆಗೆ ಕರೆಸಿ ನಡೆಸಿ ನೋಡೋಣ ಎಂದರು. ಅಲ್ಲಿಯವರೆಗೆ ಅವಳು ದಿನವೂ ಹತ್ತುತ್ತಿರುತ್ತಾಳೆ, ಹಬ್ಬದ ದಿನ ಐದು ಮಹಡಿ ಒಟ್ಟಿಗೆ ಹತ್ತುತ್ತಾಳೆ. ನನ್ನ ಕಣ್ಣಿಗೆ ಬಂದದ್ದು ಆ ಕಟ್ಟಡದ ಕತ್ತಲೆ ಮೆಟ್ಟಿಲು, ನಡುವಿನಲ್ಲೆಲ್ಲೋ ಕೂತುಬಿಟ್ಟ ಅವಳು. ಬಾಯಿ ತಾನೇ ಮಾತಾಡಿತು.

ಯಾವಾಗ ಗೊತ್ತಾಯಿತು ಎಂದು ಕೇಳಿದರು. ಶನಿವಾರ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಇಸಿಜಿ ಯಂತ್ರ ತುಂಬಿಕೋ, ಗುರುವಾರ ನಾನೇ ಬರುತ್ತೇನೆ ಎಂದರು.

ಮಾರ್ಚ್ 20

ಡಾಕ್ಟರಿಗೂ ಅರವತ್ತು ದಾಟಿದೆ, ಅವರ ಮಂಡಿಯೂ ಸವೆದಿದೆ. ಮೂರನೇ ಮಹಡಿಯಲ್ಲಿ ಸೈಕಲ್ಲಿನ ಪಕ್ಕ ನಿಂತುಬಿಟ್ಟರು. ಮೇಲಿಂದ ಸದ್ದು ಕೇಳಿ ಖಾಲ್ತಿ ನಜ್ಲಾಳ ಕೈಯಲ್ಲಿ ಕುರ್ಚಿ ಕೊಟ್ಟು ಕಳಿಸಿದಳು. ಡಾಕ್ಟರ್ ಕತ್ತಲೆಯಲ್ಲಿ ಕೂತು ಸುಧಾರಿಸಿಕೊಂಡರು. ಈ ಮಂಡಿಯನ್ನೂ ಪಟ್ಟಿಗೆ ಸೇರಿಸ್ಕೊಳ್ಳಪ್ಪಾ ಎಂದು ಖಾಲ್ತಿ ಮೇಲಿನಿಂದ ನಕ್ಕಳು. ಅಲ್ಲಿಯವರೆಗೆ ಅವಳಿಗೆ ಇದು ಬರೀ ಭೇಟಿ.

ತಂತಿ ಅಂಟಿಸಿದ್ದನ್ನು ಕಂಡಾಗ ತಿಳಿಯಿತು. ಒಮ್ಮೆ ನನ್ನತ್ತ ನೋಡಿದಳು. ಆಮೇಲೆ ನೋಡಲಿಲ್ಲ.

ಒಂದು ಮಹಡಿ ಇಳಿಸಿ ಹತ್ತಿಸಿದರು. ಕಾಗದದ ಮೇಲೆ ನೆಟ್ಟಗೆ ಓಡುತ್ತಿದ್ದ ಗೆರೆ ಒಂದು ಕಡೆ ಕೆಳಕ್ಕೆ ಜಗ್ಗಿತು. ಡಾಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಇನ್ನು ಒಂದು ಮೆಟ್ಟಿಲೂ ಕೂಡದು, ಆಂಜಿಯೋಗ್ರಾಂ ಆಗಬೇಕು. ಆಸ್ಪತ್ರೆಯ ಯಂತ್ರಕ್ಕೆ ಹಬ್ಬ ಕಳೆದು ಏಪ್ರಿಲ್ ಹತ್ತಕ್ಕೆ ಸರದಿ. ಅದೂ ತುರ್ತು ಎಂದು ಬರೆದದ್ದಕ್ಕೆ. ಅದಕ್ಕೂ ಮೊದಲು ಯಾರ ಕಾಲು ಹಿಡಿದರೂ ಸಿಗದು.

"ಹಬ್ಬ?" ಎಂದಳು ಖಾಲ್ತಿ.

"ಮುಂದಿನ ಹಬ್ಬಕ್ಕೆ ಹೋಗುವಿರಂತೆ, ಹಜ್ಜಾ. ಬಕ್ರೀದಿಗೆ. ಅಕ್ಕ ಎಲ್ಲಿಗ್ ಹೋಗ್ತಾರೆ, ಎದುರಿಗೇ ಇದಾರಲ್ಲ."

ಡಾಕ್ಟರ್ ಇಳಿದು ಹೋದ ಮೇಲೆ ನಾನು ಉಳಿದೆ. ನಾನು, ಬಕ್ರಿ, ಇನ್ನಿಬ್ಬರು ಸೇರಿದರೆ ಕುರ್ಚಿಯಲ್ಲಿ ಕೂರಿಸಿ ಹಬ್ಬದ ದಿನ ಎತ್ತಿಕೊಂಡು ಹೋಗುತ್ತೇವೆ ಎಂದೆ. ಬಕ್ರಿ ದಿನಾ ಇದಕ್ಕಿಂತ ಭಾರ ಹೊರುತ್ತಾನೆ ಎಂದೆ. ನಗಿಸಲು ಹೇಳಿದ್ದು.

"ಹೆಗಲ ಮೇಲೆ ಈ ಮೆಟ್ಟಿಲು ಇಳಿಯೋದು ಒಂದೇ ಸಲ. ಆವತ್ತು ನಿನ್ನನ್ನ ಕರೆಯಲ್ಲ."

ಓಣಿಗೆ ಬಂದಾಗ ಬಹಿಯಾ ಮೇಲಿಂದ ಕೇಳಿದಳು, ಡಾಕ್ಟರ್ ಏನಂದರು ಎಂದು. ಕೇಳಿಸದವನಂತೆ ನಡೆದೆ.

ಮಾರ್ಚ್ 31, ಹಬ್ಬ

ಬಕ್ರಿ ಮತ್ತು ನಾನು ಊರಿನವರ ಜೊತೆ ನಮಾಜು ಮಾಡಿದೆವು. ಊಟವೂ ಆಯಿತು. ಆಮೇಲೆ ಸುಮ್ಮನೆ ನಡೆಯುತ್ತ ಇಂಬಾಬಾದ ಕಡೆ ಹೋದೆ, ಕೆಲಸವೇನಿರಲಿಲ್ಲ.

ಇಬ್ಬರೂ ಹೊಸ ಬಟ್ಟೆ ತೊಟ್ಟು ತಮ್ಮ ತಮ್ಮ ಬಾಲ್ಕನಿಯಲ್ಲಿ ಕೂತಿದ್ದರು. ಸಕ್ಕರೆ ಉದುರಿಸಿದ ಹಬ್ಬದ ಬಿಸ್ಕತ್ತಿನ ತಟ್ಟೆ ಬುಟ್ಟಿಯಲ್ಲಿ ಇಳಿದು ಬುಟ್ಟಿಯಲ್ಲಿ ಏರಿತು. ನಿನ್ನದು ಸುಟ್ಟಿದೆ ಎಂದು ಒಬ್ಬಳು, ನಿನ್ನದಕ್ಕೆ ತುಪ್ಪವೇ ಇಲ್ಲ ಎಂದು ಇನ್ನೊಬ್ಬಳು. ಬಹಿಯಾ ತನ್ನ ಪಕ್ಕ ಒಂದು ಖಾಲಿ ಕುರ್ಚಿ ಹಾಕಿಸಿಕೊಂಡಿದ್ದಳು. ಇದು ನಿನ್ನದು, ಬಕ್ರೀದಿನವರೆಗೆ ಬೆಕ್ಕನ್ನೂ ಕೂರಿಸುವುದಿಲ್ಲ ಎಂದು ಕೂಗಿದಳು.

ನಾನು ಕಿರಾಣಿ ಅಂಗಡಿಯ ನೆರಳಲ್ಲಿ ನಿಂತಿದ್ದೆ. ನನ್ನ ಪಾಲಿನ ಬಿಸ್ಕತ್ತು ಬರಲಿಲ್ಲ. ಹದಿಮೂರು ಮನೆಯವರು ಕೊಟ್ಟಿದ್ದಾರೆ, ಕೋಣೆಯಲ್ಲಿ ಇಡಲು ಜಾಗವಿಲ್ಲ.

ಏಪ್ರಿಲ್ 2

ಬೆಳಿಗ್ಗೆ ನಜ್ಲಾಳ ಫೋನು. ಬಹಿಯಾ ಏಳಲಿಲ್ಲ. ಮಲಗಿದ್ದ ಹಾಗೇ. ಅವಳ ಮಗ ಕುವೈತಿನಲ್ಲಿದ್ದಾನೆ, ಅವನಿಗೆ ಕಾಯುವುದಿಲ್ಲವಂತೆ, ಮಧ್ಯಾಹ್ನದ ನಮಾಜಿಗೆ ಎತ್ತುತ್ತಾರಂತೆ. ಹಿಂದೆ ಖಾಲ್ತಿಯ ದನಿ ಕೇಳುತ್ತಿತ್ತು. ಅಳು ಅಲ್ಲ. ಚಪ್ಪಲಿ ಎಲ್ಲಿ, ಚಪ್ಪಲಿ ಕೊಡೇ ಎನ್ನುತ್ತಿದ್ದಳು.

ನಜ್ಲಾ ಏನು ಮಾಡಲಿ ಎಂದಳು. ನಾನು ಹೇಳಿದೆ, "ಬಾಗ್ಲು ಹಾಕು. ಬೀಗ ಹಾಕಿ ಕೀಲಿ ಇಟ್ಕೋ. ನಾನು ಬರ್ತೀನಿ, ಕುರ್ಚೀಲಿ ಎತ್ಕೊಂಡ್ ಹೋಗ್ತೀವಿ."

ಬಕ್ರಿಯನ್ನು ಎಬ್ಬಿಸಿದೆ, ಪಕ್ಕದ ಕೋಣೆಯ ಇಬ್ಬರನ್ನೂ. ಹಬ್ಬದ ಮೂರನೇ ದಿನ, ಇಡೀ ಕೈರೋ ಬೀದಿಯಲ್ಲಿತ್ತು. ಮಿನಿಬಸ್ಸು ಸೇತುವೆಯ ಮೇಲೆ ನಿಂತುಬಿಟ್ಟಿತು, ಇಳಿದು ಓಡಿದೆವು. ಓಣಿಗೆ ತಿರುಗಿದಾಗ ಚಟ್ಟ ಬಾಗಿಲು ದಾಟಿ ಹೊರಬಂದಿತ್ತು. ಅಷ್ಟು ಕಿರಿದಾದ ಮೆಟ್ಟಿಲಲ್ಲಿ ಹೇಗೆ ಇಳಿಸಿದರೋ.

ಕಿರಾಣಿಯವನು ಕೈ ಎತ್ತಿ ಅವರನ್ನು ನಿಲ್ಲಿಸಿದ. ಖಾಲ್ತಿಯ ಬಾಲ್ಕನಿಯ ಕೆಳಗೆ, ಸ್ವಲ್ಪ ಹೊತ್ತು. ಎಲ್ಲರೂ ತಲೆಯೆತ್ತಿ ನೋಡಿದರು. ಖಾಲ್ತಿ ಕಂಬಿಗೆ ಎದೆಯಾನಿಸಿ ಬಗ್ಗಿದ್ದಳು. ಏನೋ ಹೇಳಿದಳು, ಅಕ್ಕನಿಗೆ. ಐದು ಮಹಡಿಯ ಕೆಳಗೆ ನಮಗಾರಿಗೂ ಕೇಳಿಸಲಿಲ್ಲ.

ನಾವು ನಾಲ್ವರೂ ಹಾಗೇ ನಿಂತಿದ್ದೆವು. ಬಕ್ರಿ ಹೆಗಲು ಕೊಡಲು ಹೋದ. ನಾನು ಹೋಗಲಿಲ್ಲ.

ಏಪ್ರಿಲ್ 5

ಹೇಳದಿದ್ದರೆ ಹಬ್ಬದ ದಿನ ಹೋಗಿ ಕೂರುತ್ತಿದ್ದಳು. ಅಥವಾ ಮೆಟ್ಟಿಲಲ್ಲೇ ಸಾಯುತ್ತಿದ್ದಳು. ಎರಡರಲ್ಲಿ ಒಂದು. ಯಾವುದು ಎಂದು ಯಾರೂ ಹೇಳಲಾರರು, ಡಾಕ್ಟರ್ ಕೂಡ. ಅವರನ್ನೇ ಕೇಳಿದೆ. ನೂರು ಸಲ ಕೇಳಿದರೂ ನೂರು ಸಲ ಬೇಡ ಎಂದೇ ಹೇಳುತ್ತೇನೆ ಎಂದರು. ಸ್ವಲ್ಪ ತಡೆದು, ಎದುರಿಗೇ ಇದ್ದಾರಲ್ಲ ಎಂದು ಮಾತ್ರ ಹೇಳಬಾರದಿತ್ತು ಎಂದರು.

ಬಹಿಯಾಳ ಹೃದಯವೂ ಹಾಗೇ ಸದ್ದಿಲ್ಲದೆ ಇದ್ದಿರಬೇಕು ಎಂದರು. ಅವಳು ಪಟ್ಟಿಯಲ್ಲಿರಲಿಲ್ಲ. ಎರಡು ತಿಂಗಳು ಅವಳ ಸಾರು ತಿಂದೆ, ಅವಳ ಮೆಟ್ಟಿಲು ಒಮ್ಮೆಯೂ ಹತ್ತಲಿಲ್ಲ. ಇವತ್ತು ಹತ್ತಿದೆ. ಐದನೇ ಮಹಡಿಯವರೆಗೆ ಹೋಗಿ, ಬೀಗ ಹಾಕಿದ ಬಾಗಿಲು ನೋಡಿ ಇಳಿದು ಬಂದೆ. ಎರಡನೇ ಮತ್ತು ನಾಲ್ಕನೇ ಮಹಡಿಯಲ್ಲಿ ಕುರ್ಚಿ ಹಾಕುವಷ್ಟು ಜಾಗ ಇದೆ.

ಏಪ್ರಿಲ್ 10

ಆಂಬುಲೆನ್ಸಿನವರು ಕುರ್ಚಿಯಲ್ಲಿ ಕಟ್ಟಿ ಇಳಿಸಿದರು. ಖಾಲ್ತಿ ಬೇಡ ಎನ್ನಲಿಲ್ಲ. ಓಣಿಗೆ ಬಂದ ಮೇಲೆ ಅವರಿಗೆ ನಿಲ್ಲಿ ಎಂದಳು. ನಾಲ್ಕು ವರ್ಷದ ಮೇಲೆ ನೆಲದ ಹತ್ತಿರ ಬಂದಿದ್ದಳು. ಎದುರು ಕಟ್ಟಡದ ಬಾಗಿಲೊಳಗೆ ಕಾಣುವ ಮೊದಲ ಮೆಟ್ಟಿಲುಗಳನ್ನು ನೋಡುತ್ತ ಕೂತಳು. ಆಂಬುಲೆನ್ಸಿನವನು ಹೊತ್ತಾಯಿತು ಎನ್ನಲು ಬಾಯಿ ತೆರೆದ, ಕಿರಾಣಿಯವನು ಅವನ ತೋಳು ಹಿಡಿದ.

ಎರಡು ಸ್ಟೆಂಟ್ ಹಾಕಿದರು. ಒಂದು ನಾಳ ಕೂದಲೆಳೆಯಷ್ಟು ಉಳಿದಿತ್ತಂತೆ. ಹಬ್ಬದ ದಿನ ಹತ್ತಿದ್ದರೆ ಎಂದು ಡಾಕ್ಟರ್ ನನಗೆ ಹೇಳಹೊರಟು ನಿಲ್ಲಿಸಿದರು.

ಏಪ್ರಿಲ್ 12

ವಾರ್ಡಿನಲ್ಲಿ ಡಾಕ್ಟರ್ ಅವಳ ಮಂಚದ ಪಕ್ಕ ಕೂತು ಕ್ಷಮೆ ಕೇಳಿದರು. ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.

"ನಿಮ್ ಮೇಲೆ ನಂಗೇನೂ ಇಲ್ಲ ಡಾಕ್ಟ್ರೇ. ನೀವು ನಿಮ್ ಕೆಲ್ಸ ಮಾಡಿದ್ರಿ. ನೀವು ನಮ್ಮನೇಲಿ ಊಟ ಮಾಡಿರ್ಲಿಲ್ಲ."

ಮೇ 6

ಇನ್ನು ನಡೆಯಬಹುದು. ದಿನಕ್ಕೆ ಒಂದು ಮಹಡಿ, ಆಮೇಲೆ ಎರಡು, ಕೂತು ಕೂತು ಐದೂ. ಡಾಕ್ಟರ್ ಹೇಳಿ ಕಳಿಸಿದ್ದಾರೆ. ಖಾಲ್ತಿ ಎದ್ದಿಲ್ಲ. ಬಾಲ್ಕನಿಗೂ ಬರುವುದಿಲ್ಲವಂತೆ, ಬುಟ್ಟಿಯನ್ನು ನಜ್ಲಾಳೇ ಇಳಿಸುತ್ತಾಳೆ. ಇಳಿದು ಬನ್ನಿ ಅತ್ತೆ ಎಂದರೆ ಎಲ್ಲಿಗೆ ಎಂದು ಕೇಳುತ್ತಾಳಂತೆ.

ಮೂರು ವಾರದ ಫೋನಿಗೆ ಉತ್ತರ ಬರದಿದ್ದರೆ ಹೆಸರು ತೆಗೆಯಬೇಕೆಂಬುದು ನಿಯಮ. ಅವಳು ನನ್ನ ಫೋನ್ ಎತ್ತದೆ ಐದು ವಾರವಾಯಿತು. ಡಾಕ್ಟರ್ ಕೇಳಿದರು. ನೆಟ್‌ವರ್ಕ್ ಸರಿಯಿಲ್ಲ ಆ ಓಣಿಯಲ್ಲಿ ಎಂದೆ.

ಮೇ 13

ಈಗ ಮಂಡಿಯ ಮನೆಗಳಲ್ಲಿ ಎದುರಿನವರು, ಮೇಲಿನವರು, ಕೆಳಗಿನವರು ಯಾರಿದ್ದಾರೆಂದೂ ಕೇಳುತ್ತಿದ್ದೇನೆ. ಪಟ್ಟಿಗೆ ಏಳು ಜನ ಹೊಸಬರು. ಡಾಕ್ಟರ್ ಇಷ್ಟು ಜನಕ್ಕೆ ಯಂತ್ರ ಎಲ್ಲಿಂದ ತರಲಿ ಎಂದು ಗೊಣಗಿದರು, ಸೇರಿಸಿಕೊಂಡರು.

ನಜ್ಲಾ ಫೋನ್ ತೆಗೆದಳು. ಮಲಗಿದ್ದಾಳೆ ಎಂದಳು. ಹಿಂದೆ ಟೀವಿಯ ಸದ್ದು ಸಣ್ಣದಾಯಿತು. ಯಾರೋ ಕೇಳಿಸಿಕೊಳ್ಳುತ್ತಿದ್ದರು. ಹಾಗಾಗಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ. ಔಷಧಿ ಬಿಡಬಾರದು ಎಂದೆ. ಕಿರಾಣಿಯವನಿಗೂ ಈಗ ದವಡೆ ನೋವಂತೆ, ನಾನು ಬಂದರೆ ಅಡಗಿಕೊಳ್ಳುತ್ತಾನೆ ಎಂದೆ. ನಜ್ಲಾ ನಕ್ಕಳು. ಒಬ್ಬಳೇ.

ಮೇ 20, ಮಂಗಳವಾರ

ಬಕ್ರಿ ಬಟ್ಟೆ ಕಟ್ಟುತ್ತಿದ್ದಾನೆ, ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಸಲ್ಲೂಮಿನ ಗಾಡಿ ಶುಕ್ರವಾರ ನಸುಕಿಗೆ. ಬರ್ತೀಯೋ ಇಲ್ವೋ ಎಂದ. ಶುಕ್ರವಾರ ಆಗಲ್ಲ, ಕೆಲಸ ಇದೆ ಎಂದೆ. ಶುಕ್ರವಾರ ರಜೆಯಲ್ಲವೇನೋ ಎಂದು ನನ್ನನ್ನೇ ನೋಡಿದ. ಹೇಳಿಕೊಂಡು ಕೂರಲು ಹೊತ್ತಿರಲಿಲ್ಲ.

ಮಧ್ಯಾಹ್ನ ಎಂದಿನಂತೆ ಫೋನ್ ಮಾಡಿದ್ದೆ. ನಜ್ಲಾ ಹಲೋ ಎಂದಳು, ಆಮೇಲೆ ಫೋನು ಕೈ ಬದಲಾದ ಸದ್ದು. ಸಲಾಂ ಇಲ್ಲ, ಹೆಸರಿಲ್ಲ.

"ಬಹಿಯಾಳ ಮಗ ಬಂದಿದಾನೆ. ಶನಿವಾರ ಮನೆ ಖಾಲಿ ಮಾಡಿ ಮಾಲೀಕನಿಗೆ ಕೀಲಿ ಕೊಡ್ತಾನಂತೆ. ಸೋಫಾನೂ ಮಾರ್ತಾನಂತೆ."

ನಾನು ಬರುತ್ತೇನೆ ಎಂದೆ. ಎರಡನೇ ಮಹಡಿಯಲ್ಲೊಂದು, ನಾಲ್ಕರಲ್ಲೊಂದು ಕುರ್ಚಿ ಹಾಕುತ್ತೇನೆ, ಹಿಂದೆಯೇ ಹತ್ತುತ್ತೇನೆ, ಆಮೇಲೆ ಹೋಗಿಬಿಡುತ್ತೇನೆ ಎಂದೆ. ಒಂದೇ ಉಸಿರಿಗೆ ಏನೇನೋ ಹೇಳಿದೆ.

"ನೀನು ಬರ್ಬೇಡ. ನಿನ್ ಮುಖ ನೋಡೋಕೆ ನಂಗಿನ್ನೂ ಆಗಲ್ಲ. ಕುರ್ಚಿ ನಜ್ಲಾ ಹಾಕ್ತಾಳೆ. ನೀನು ಫೋನಲ್ಲಿರು. ನಾನು ಮಾತಾಡಲ್ಲ. ನನ್ ಉಸಿರು ಕೇಳ್ತಾ ಇರು, ನಿಲ್ಲು ಅಂದ್ರೆ ನಿಲ್ತೀನಿ, ಹತ್ತು ಅಂದ್ರೆ ಹತ್ತೀನಿ. ಸೋಫಾ ಮೇಲೆ ಕೂತ್ಮೇಲೆ ಇಟ್ಬಿಡು."

ಸರಿ ಖಾಲ್ತಿ ಎಂದೆ. ಅಷ್ಟರಲ್ಲಿ ಇಟ್ಟುಬಿಟ್ಟಿದ್ದಳು. ದಿನ, ಹೊತ್ತು ಹೇಳಲಿಲ್ಲವಲ್ಲ ಎಂದು ಮತ್ತೆ ಮಾಡಿದೆ. ನಜ್ಲಾ ತೆಗೆದು, ಅತ್ತೆ ಒಳಗಿಂದ ಹೇಳಿದ್ದನ್ನು ನನಗೆ ದಾಟಿಸಿದಳು. ಶುಕ್ರವಾರ, ಬಿಸಿಲು ಇಳಿದಿರಬೇಕು, ಇಳಿಹೊತ್ತಿನ ಅಸರ್ ನಮಾಜು ಮುಗಿದಿರಬೇಕು.

ಶುಕ್ರವಾರ, ಸಂಜೆ ಐದಕ್ಕೆ ಫೋನ್ ಮಾಡಬೇಕು.